ಮರಳುಗಾಡಿನ ಚಳಿಯಲ್ಲಿ ಲಾರಿಯ ಬಿಡಾರ

ಮರುಭೂಮಿ ಎಂದೊಡನೆ ನಮ್ಮವರ ಕಣ್ಣ ಮುಂದೆ ಬರುವುದು ಬಿರುಬಿಸಿಲು, ಬಿಸಿಗಾಳಿ, ಬಿಸಿಲ್ಗುದುರೆ. ಅಲ್ಲಿ ಹಲ್ಲು ಕಟಕಟನೆ ಕಡಿಯುವಂಥ ಚಳಿಯೂ ಉಂಟು, ಆ ಚಳಿಯಲ್ಲಿ ಹೆಂಗಸರು ಮಕ್ಕಳೊಡನೆ ಲಾರಿಯೊಂದನ್ನೇ ಮನೆಮಾಡಿಕೊಂಡು ಸುಖವಾಗಿ ಎರಡು ರಾತ್ರಿ ಕಳೆದು ಬರಬಹುದು ಎಂದರೆ ನಂಬುವವರು ಕಡಮೆ. ದೆಹಲಿಯಲ್ಲಿ ನೆಲೆಸಿದ ನಮ್ಮಂಥ ಕುಟುಂಬಗಳಿಗೆ ವರ್ಷಕ್ಕೆ ಎರಡು ರಜೆ. ಬೇಸಗೆಯ ರಜೆ ಊರಿಗೆ ಹೋಗುವುದಕ್ಕೆ. ಡಿಸೆಂಬರಿನದು ರಜಾಯಿಯೊಳಗೆ ಮುದುಡಿಕೊಂಡು ಮಂಜನ್ನು ಶಪಿಸುವುದಕ್ಕೆ. ಈ ಎರಡನೆಯ ರಜೆಯನ್ನು ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಕಳೆಯುವ ಆಲೋಚನೆ ಕಳೆದ ಡಿಸೆಂಬರಿನಲ್ಲಿ ನಮ್ಮ ಮೂರು ಮನೆಗಳಿಗೆ ಬಂದಿತು. ಕಚೇರಿಯ ರಜೆಯ ಅರ್ಜಿಯಲ್ಲಿ ‘ಕಾರಣ’ ಎಂಬ ಕಡೆ ‘ಮರಳಿನಲ್ಲಿ ಲಾರಿಯೊಳಗೆ ಮಲಗುವುದಕ್ಕಾಗಿ’ ಎಂದು ಬರೆಯುವ ಧೈರ್ಯ ನನಗೆ ಬರಲಿಲ್ಲ. ‘ಸ್ವಂತ ಕೆಲಸ’ ಎಂದು ಬರೆದೆ. ನಮ್ಮ ಸಂಘದ ಇತರ ಕುಟುಂಬಗಳೂ ಹೋಗಿ ಬರಲಿ, ಆದರೆ ತಿಳಿದುಕೊಂಡು ಹೋಗಲಿ ಎಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಹಗಲು ವಸಂತ, ರಾತ್ರಿ ಹಿಮ

ಥಾರ್ ಮರುಭೂಮಿಗೆ ಹೋಗುವ ಕಾಲ ಚಳಿಗಾಲವೊಂದೇ. ಬೇಸಗೆಯಲ್ಲಿ ಅದು ಮನುಷ್ಯನು ಇರತಕ್ಕ ಜಾಗವಲ್ಲ. 2016ರ ಮೇ 19ರಂದು ಫಲೋದಿಯಲ್ಲಿ 51 ಡಿಗ್ರಿ ಸೆಂಟಿಗ್ರೇಡ್ ಉಷ್ಣಮಾನ ದಾಖಲಾಯಿತು. 2019ರ ಜೂನ್ 1ರಂದು ಚೂರುವಿನಲ್ಲಿ 50.8. ಸೋಜಿಗವೆಂದರೆ ಇದೇ ಚೂರು ಚಳಿಗಾಲದ ಕೆಲವು ರಾತ್ರಿಗಳಲ್ಲಿ ಸೊನ್ನೆಗಿಂತ ಕೆಳಕ್ಕೆ ಇಳಿದುಬಿಡುತ್ತದೆ. ನಾವು ಹೋದ ಜೈಸಲ್ಮೇರಿನಲ್ಲಿ ಜನವರಿಯ ಹಗಲು ಸುಮಾರು 24 ಡಿಗ್ರಿ, ನಮ್ಮ ಮೈಸೂರಿನ ಹಿತವಾದ ಬೆಳಗಿನಂತೆ. ರಾತ್ರಿ ಸಾಮಾನ್ಯವಾಗಿ 8ರ ಆಸುಪಾಸು. ಶೀತಗಾಳಿ ಬೀಸಿದರೆ ಸೊನ್ನೆಯ ಹತ್ತಿರಕ್ಕೂ ಹೋಗುತ್ತದೆ.

ಇಷ್ಟು ಬಿಸಿಲು ಬೀಳುವ ನೆಲ ರಾತ್ರಿ ಹೀಗೇಕೆ ತಣ್ಣಗಾಗುತ್ತದೆ? ಭೂಮಿ ಹಗಲು ಪಡೆದ ಶಾಖವನ್ನು ರಾತ್ರಿ ಆಕಾಶಕ್ಕೆ ಹಿಂದಿರುಗಿಸುತ್ತದೆ. ಮೋಡವೂ ಗಾಳಿಯಲ್ಲಿರುವ ನೀರಾವಿಯೂ ನೆಲಕ್ಕೆ ಹೊದಿಸಿದ ಕಂಬಳಿಯಂತೆ ಆ ಶಾಖವನ್ನು ತಡೆದಿಡುತ್ತವೆ. ವರ್ಷಕ್ಕೆ 7,000 ಮಿಲಿಮೀಟರು ದಾಟಿ ಮಳೆ ಸುರಿಯುವ ಆಗುಂಬೆಗೆ ಆ ಕಂಬಳಿ ಉಂಟು. 200 ಮಿಲಿಮೀಟರೂ ಮಳೆ ಕಾಣದ ಜೈಸಲ್ಮೇರಿಗೆ ಅದು ಇಲ್ಲ. ಮರಳಿನ ಕಣಗಳ ನಡುವೆ ಗಾಳಿ ತುಂಬಿರುವುದರಿಂದ ಹಗಲಿನ ಶಾಖ ಆಳಕ್ಕೂ ಇಳಿಯುವುದಿಲ್ಲ. ಮೇಲಿನ ಪದರವಷ್ಟೇ ಬೇಗ ಕಾದು ಬೇಗ ಆರುತ್ತದೆ. ಮುಂಜಾನೆ ಮರಳನ್ನು ಒಂದು ಗೇಣು ಕೆದಕಿ ಬೆರಳಿಟ್ಟು ನೋಡಿ, ಒಳಗೆ ಬೆಚ್ಚಗಿರುತ್ತದೆ. ನಮ್ಮ ಮಕ್ಕಳಿಗೆ ಎರಡು ದಿನವೂ ಇದೇ ಆಟವಾಗಿತ್ತು.

ಈ ತತ್ವವನ್ನು ನಮ್ಮ ದೇಶದವರು ಪುಸ್ತಕದಿಂದ ಕಲಿತದ್ದಲ್ಲ. ಹದಿನೆಂಟನೆಯ ಶತಮಾನದಲ್ಲಿ ಅಲಹಾಬಾದಿನ ಕಡೆ ಚಳಿಗಾಲದ ರಾತ್ರಿ ಬಯಲಿನಲ್ಲಿ ತಗ್ಗು ತೋಡಿ, ಕಬ್ಬಿನ ಇಲ್ಲವೆ ಜೋಳದ ಒಣದಂಟು ಹಾಸಿ, ಅದರ ಮೇಲೆ ಮಣ್ಣಿನ ಚಪ್ಪಟೆ ಪಾತ್ರೆಗಳಲ್ಲಿ ನೀರಿಟ್ಟು ಬೆಳಗಾಗುವಷ್ಟರಲ್ಲಿ ಮಂಜುಗಡ್ಡೆ ತೆಗೆಯುತ್ತಿದ್ದರು. ಸರ್ ರಾಬರ್ಟ್ ಬಾರ್ಕರ್ ಎಂಬಾತ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಇದನ್ನು ವರದಿ ಮಾಡಿದ. ಗಾಳಿ ಹೆಪ್ಪುಗಟ್ಟುವಷ್ಟು ತಣ್ಣಗಿರದಿದ್ದರೂ ತೆರೆದ ಆಕಾಶದ ಕೆಳಗಿರುವ ನೀರು ಗಡ್ಡೆಗಟ್ಟುತ್ತಿತ್ತು. ಆ ಆಕಾಶವೇ ಮರುಭೂಮಿಯಲ್ಲಿ ನಮ್ಮ ತಲೆಯ ಮೇಲೂ ಇರುವುದೆಂಬುದನ್ನು ಪ್ರಯಾಣಿಕನು ಮರೆಯಬಾರದು.

ನಮ್ಮ ಸಂಸಾರ

ತಂಡದಲ್ಲಿ ನಾಲ್ವರು ಮಕ್ಕಳು ಸೇರಿ ಹನ್ನೊಂದು ಜನ. ಮೈಸೂರು ಕಡೆಯ ನಾವು, ಉಡುಪಿಯ ಕಡೆಯ ನೆರೆಮನೆಯವರು, ಧಾರವಾಡದ ಮಿತ್ರರ ಕುಟುಂಬ. ಮಿತ್ರರ ತಾಯಿ ಎಲ್ಲರಿಗಿಂತ ಹಿರಿಯರು. ನಮಗೆಲ್ಲರಿಗೂ ಅವರು ‘ಅವ್ವ’. ಜೈಸಲ್ಮೇರಿನವರೆಗೆ ರೈಲು. ಅಲ್ಲಿಂದ ಜನರಿಗೆ ಎರಡು ಜೀಪು, ಸಾಮಾನಿಗೆ ಒಂದು ಸಣ್ಣ ಲಾರಿ. ಸರಕಿನ ಲಾರಿಯ ಹಿಂಭಾಗದಲ್ಲಿ ಜನರನ್ನು ಕೂರಿಸಿಕೊಂಡು ಓಡಿಸುವುದು ಕಾನೂನಿಗೆ ವಿರುದ್ಧ, ಅಪಾಯವೂ ಹೌದು. ಲಾರಿ ನಿಂತ ಮೇಲೆ ಮಾತ್ರ ಅದು ಮನೆ. ಹೆಂಗಸರೂ ಮಕ್ಕಳೂ ತಾರ್ಪಾಲಿನ ಮಾಡಿನ ಕೆಳಗೆ ಲಾರಿಯ ಮೇಲೆ, ಗಂಡಸರು ಲಾರಿಯ ಮರೆಯಲ್ಲಿ ಹಾಕಿದ ಗುಡಾರದಲ್ಲಿ ಎಂದು ಏರ್ಪಾಡಾಯಿತು.

ಲಾರಿಯ ಚಾಲಕರು ಆ ಸೀಮೆಯವರೇ, ಐವತ್ತು ದಾಟಿದವರು. ಆ ಕಡೆ ಅನುಭವಸ್ಥ ಚಾಲಕರನ್ನು ಕರೆಯುವಂತೆ ನಾವೂ ಅವರನ್ನು ‘ಉಸ್ತಾದ್‌ಜಿ’ ಎಂದೇ ಕರೆದೆವು. ನಾವು ದೆಹಲಿಯಿಂದ ತಂದ ಪಟ್ಟಿಯನ್ನು ಅವರು ಓದಿಸಿ ಕೇಳಿದರು. ಬಿಸ್ಕತ್ತು, ಇಸ್ಪೀಟು, ಕ್ಯಾಮರಾ, ಉಪ್ಪಿನಕಾಯಿ ಎಲ್ಲಕ್ಕೂ ತಲೆದೂಗಿ, ಕೊನೆಗೆ ‘ನೀರು ಎಷ್ಟು?’ ಎಂದರು. ತಲೆಗೆ ದಿನಕ್ಕೆ ಐದು ಲೀಟರು ಎಂದೆ. ‘ಒಂದು ದಿನದ್ದು ಹೆಚ್ಚಿಗೆ ಹಾಕಿಕೊಳ್ಳಿ ಬಾಬೂಜಿ. ದಾರಿ ತಪ್ಪಿದರೆ ಆ ಒಂದು ದಿನವೇ ಬೇಕಾಗುವುದು’ ಎಂದರು. ಚಳಿಯಲ್ಲಿ ಬಾಯಾರಿಕೆ ತೋರುವುದಿಲ್ಲ, ಆದರೆ ಒಣಗಾಳಿ ಮೈಯ ನೀರನ್ನು ಹೀರುತ್ತಲೇ ಇರುತ್ತದೆ. ಅವರ ಮಾತಿನಂತೆ ಇನ್ನೆರಡು ಕ್ಯಾನು ಏರಿದವು.

ಮರಳಿನ ಮೇಲೆ ಚಕ್ರ

ಜೈಸಲ್ಮೇರಿನಿಂದ ನೈಋತ್ಯಕ್ಕೆ ಟಾರು ರಸ್ತೆ ಬಿಟ್ಟು ಹಳ್ಳಿಯ ದಾರಿ ಹಿಡಿದೊಡನೆ ಒಂದು ಕಡೆ ಮರಳು ದಾರಿಗೆ ಅಡ್ಡಲಾಗಿ ಬಿದ್ದಿತ್ತು. ಉಸ್ತಾದ್‌ಜಿ ಇಳಿದು ನಾಲ್ಕೂ ಟೈರಿನ ಗಾಳಿಯನ್ನು ಒಂದಿಷ್ಟು ಬಿಟ್ಟರು. ಮಕ್ಕಳಿಗೆ ಗಾಬರಿ. ಗಾಳಿ ತಗ್ಗಿದ ಟೈರು ಚಪ್ಪಟೆಯಾಗಿ ಹೆಚ್ಚು ನೆಲವನ್ನು ಆವರಿಸುತ್ತದೆ, ಭಾರ ಹಂಚಿಹೋಗಿ ಗಾಡಿ ಹೂತುಕೊಳ್ಳುವುದಿಲ್ಲ. ಒಂಟೆಯ ಅಗಲವಾದ ಮೆತ್ತನೆಯ ಪಾದದ ಗುಟ್ಟೂ ಇದೇ. ಮತ್ತೆ ಗಟ್ಟಿ ರಸ್ತೆ ಸಿಕ್ಕೊಡನೆ ಪಂಪಿನಿಂದ ಗಾಳಿ ತುಂಬಲೇಬೇಕು. ಇಲ್ಲವಾದರೆ ಟೈರು ಕಾದು ಹಾಳಾಗುತ್ತದೆ. ಹೂತ ಚಕ್ರವನ್ನು ಎಂಜಿನ್ನಿನ ಜೋರಿನಿಂದ ತಿರುಗಿಸಿದರೆ ಅದು ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಆಗ ಬೇಕಾದದ್ದು ಸಲಿಕೆ, ಚಕ್ರದ ಕೆಳಗೆ ಕೊಡಲು ಹಲಗೆ, ಎಳೆಯಲು ಇನ್ನೊಂದು ಗಾಡಿ. ಮರಳಿಗೆ ಒಂಟಿ ಗಾಡಿಯಲ್ಲಿ ಹೋಗಬಾರದೆಂಬುದು ಇದಕ್ಕೇ.

ನಮ್ಮ ಉಸ್ತಾದ್‌ಜಿಗೆ ಕೈಗತವಾಗಿದ್ದ ಈ ವಿದ್ಯೆಗೆ ದೂರದ ಈಜಿಪ್ಟಿನಲ್ಲಿ ಒಂದು ಸ್ವಾರಸ್ಯವಾದ ಇತಿಹಾಸವಿದೆ. ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ 1920ರ ದಶಕದಲ್ಲಿ ಅಲ್ಲಿದ್ದಾಗ ರಜೆ ಸಿಕ್ಕಿದಾಗಲೆಲ್ಲ ಗೆಳೆಯರೊಡನೆ ಫೋರ್ಡ್ ಗಾಡಿಗಳಲ್ಲಿ ಲಿಬಿಯದ ಮರುಭೂಮಿಗೆ ಹೊರಡುತ್ತಿದ್ದರು. ಮೋಟಾರು ಗಾಡಿ ಮರಳಿನ ದಿಬ್ಬಗಳನ್ನು ದಾಟಲಾರದು ಎಂಬ ನಂಬಿಕೆಯನ್ನು ಸುಳ್ಳುಮಾಡಿದವರು ಅವರು. ಟೈರಿನ ಗಾಳಿ ತಗ್ಗಿಸುವುದು, ಹೂತ ಚಕ್ರದ ಕೆಳಗೆ ಉಕ್ಕಿನ ಪಟ್ಟಿ ಕೊಡುವುದು, ರೇಡಿಯೇಟರಿನಿಂದ ಕುದಿದು ಹೊರಡುವ ಆವಿಯನ್ನು ಪಕ್ಕದ ಡಬ್ಬಿಯಲ್ಲಿ ಹಿಡಿದು ಮತ್ತೆ ನೀರಾಗಿಸಿ ಒಳಕ್ಕೆ ಎಳೆದುಕೊಳ್ಳುವುದು—ಇವನ್ನೆಲ್ಲ ಪ್ರಯೋಗಮಾಡಿ ರೂಢಿಗೆ ತಂದರು. ಗಾಡಿಯ ಕಬ್ಬಿಣದಿಂದ ದಿಕ್ಸೂಚಿ ದಾರಿ ತಪ್ಪಿಸುತ್ತದೆಂದು, ಸೂರ್ಯನ ನೆರಳಿನಿಂದ ದಿಕ್ಕು ತಿಳಿಯುವ ಯಂತ್ರವನ್ನು ಬಳಸಿದರು. 1940ರಲ್ಲಿ ಯುದ್ಧಕಾಲದಲ್ಲಿ ಅವರೇ ಕಟ್ಟಿದ ಮರುಭೂಮಿಯ ದೂರಸಂಚಾರ ದಳ ಷೆವ್ರೊಲೆಟ್ ಲಾರಿಗಳಲ್ಲಿ ಸಂಚರಿಸಿತು; ಮುಂದೆ ಭಾರತೀಯ ಸೈನಿಕರ ತುಕಡಿಯೊಂದೂ ಅದರ ಜೊತೆಗೂಡಿ ಕೆಲಸಮಾಡಿತು. ಗಾಳಿಗೆ ಮರಳು ಹೇಗೆ ಚಲಿಸುತ್ತದೆ ಎಂಬುದರ ಮೇಲೆ 1941ರಲ್ಲಿ ಬ್ಯಾಗ್ನಾಲ್ಡ್ ಪ್ರಕಟಿಸಿದ ಗ್ರಂಥವನ್ನು ವಿಜ್ಞಾನಿಗಳು ಇಂದಿಗೂ ಓದುತ್ತಾರೆ. ರಜೆಯ ಹವ್ಯಾಸ ಇಲ್ಲಿಯವರೆಗೆ ಬೆಳೆಯಬಹುದೆಂಬುದು ನಮ್ಮಂಥ ಗುಮಾಸ್ತರಿಗೆ ಒಂದು ಸಮಾಧಾನ!

ಬಿಡಾರ ಹೂಡುವ ಜಾಗ

ಮರುಭೂಮಿ ಎಂದರೆ ಯಾರದೂ ಅಲ್ಲದ ಬಯಲು ಎಂದು ತಿಳಿಯಬಾರದು. ಗಡಿಯ ಕಡೆಯ ಹಲವು ಭಾಗಗಳಿಗೆ ಸರ್ಕಾರದ ಅನುಮತಿ ಬೇಕು. ಅಭಯಾರಣ್ಯದಲ್ಲಿ ಅರಣ್ಯ ಇಲಾಖೆಯ ನಿಯಮಗಳುಂಟು. ಉಳಿದೆಡೆ ಹಳ್ಳಿಯವರ ಒಪ್ಪಿಗೆಯೇ ಅನುಮತಿ. ಬೋಳಾಗಿ ಕಾಣುವ ತಗ್ಗು ನೆಲ ಎಷ್ಟೋ ಕಡೆ ‘ಖಡೀನ್’ ಆಗಿರುತ್ತದೆ. ಮಳೆಯ ನೀರನ್ನು ಒಡ್ಡುಕಟ್ಟಿ ನಿಲ್ಲಿಸಿ, ಅದು ಇಂಗಿದ ತೇವದಲ್ಲೇ ಗೋಧಿ ಕಡಲೆ ಬೆಳೆಯುವ ಹೊಲ ಅದು. ಪಾಲಿವಾಲ ಬ್ರಾಹ್ಮಣರು ಶತಮಾನಗಳ ಹಿಂದೆ ಬೆಳೆಸಿದ ಪದ್ಧತಿ. ಅದರ ಮೇಲೆ ಲಾರಿ ಹಾಯಿಸಿದರೆ ಒಂದು ಸಂಸಾರದ ಅನ್ನ ತುಳಿದಂತೆ. ಹಾಗೆಯೇ ಕೆರೆಗೆ ಮಳೆನೀರು ಹರಿದು ಬರುವ ‘ಆಗೋರ್’ ಬಯಲಿನಲ್ಲಿ ಬಿಡಾರ ಹೂಡಬಾರದು, ಅಲ್ಲಿ ಶೌಚವಂತೂ ಕೂಡದು.

ನಾವು ಗ್ರಾಮಸ್ಥರು ತೋರಿಸಿದ ಜಾಗದಲ್ಲಿ ನಿಂತೆವು. ದಿಬ್ಬದ ತುದಿಯಲ್ಲಿ ಗಾಳಿಯ ಕಾಟ; ದಿಬ್ಬಗಳ ನಡುವಿನ ತಗ್ಗಿನಲ್ಲಿ ಭಾರವಾದ ತಣ್ಣನೆಯ ಗಾಳಿ ಇಳಿದು ನಿಲ್ಲುವುದರಿಂದ ಚಳಿಯ ಕಾಟ. ಎರಡರ ಮಧ್ಯದ ಗಟ್ಟಿ ನೆಲ ಉತ್ತಮ. ಲಾರಿಯ ಮೂತಿಯನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸಿ ನಿಲ್ಲಿಸಿದರೆ ಹಿಂಬದಿಯ ಬಾಗಿಲಿಗೆ ಮರೆ ಸಿಗುತ್ತದೆ.

ಸೌದೆ ನಾವು ಪಟ್ಟಣದಿಂದಲೇ ತಂದಿದ್ದೆವು. ಅದೇಕೆ, ಇಲ್ಲೇ ಮರಗಳಿವೆಯಲ್ಲ ಎಂದು ನೆರೆಮನೆಯ ಹುಡುಗ ಕೇಳಿದ. ಅವನು ಬೆರಳು ತೋರಿಸಿದ್ದು ಖೇಜಡಿ ಮರ. ಹತ್ತಿರ ಹೋಗಿ ನೋಡಿದ ಅವ್ವ, ‘ಅಯ್ಯ, ಇದು ನಮ್ಮ ಬನ್ನಿ ಗಿಡ ಅಲ್ಲೇನು!’ ಎಂದು ಕೈಮುಗಿದುಬಿಟ್ಟರು. ನಿಜ, ವಿಜಯದಶಮಿಯ ದಿನ ನಾವು ಪೂಜಿಸಿ, ಎಲೆ ಹಂಚಿ ‘ಬಂಗಾರ’ ಎನ್ನುವ ಬನ್ನಿಯೇ ಅಲ್ಲಿನ ಖೇಜಡಿ. ಅದರ ಸೊಪ್ಪು ಮೇವು, ಕಾಯಿ ಪಲ್ಯ, ನೆರಳು ಪೈರಿಗೆ ಆಸರೆ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡಲಿಯಲ್ಲಿ ಅರಸನ ಆಳುಗಳು ಈ ಮರಗಳನ್ನು ಕಡಿಯಬಂದಾಗ ಅಮೃತಾದೇವಿಯ ಹಿಂದೆ 363 ಮಂದಿ ಬಿಷ್ಣೋಯಿಗಳು ಮರಗಳನ್ನಪ್ಪಿ ಪ್ರಾಣಕೊಟ್ಟರೆಂದು ಆ ನಾಡು ಇಂದೂ ಸ್ಮರಿಸುತ್ತದೆ. ಅಂಥ ಮರದ ಕೊಂಬೆ ಮುರಿದು ಕಾಫಿ ಕಾಸಲಾದೀತೆ?

ಶೇಗಡಿಯ ಮಾತು

ಸಂಜೆ ಅಕ್ಕಪಕ್ಕದ ಹಳ್ಳಿಯಿಂದ ಬಂದ ಸಜ್ಜೆಯ ರೊಟ್ಟಿ, ಕೇರ್-ಸಾಂಗ್ರಿ ಪಲ್ಯ, ತುಪ್ಪ. ವಿಜಾಪುರದ ಕಡೆಯ ಸಜ್ಜೆ ರೊಟ್ಟಿಯನ್ನು ನೆನೆಸಿಕೊಂಡು ಎಲ್ಲರೂ ಒಂದೊಂದು ಹೆಚ್ಚೇ ತಿಂದೆವು. ಬೆಂಕಿಯ ಸುತ್ತ ಹಾಡು, ಹರಟೆ. ಒಂಬತ್ತು ಗಂಟೆಗೆ ನಾವು ತಂದಿದ್ದ ಉಷ್ಣಮಾಪಕ 7 ಡಿಗ್ರಿ ತೋರಿಸಿತು, ಹತ್ತಕ್ಕೆ 5. ಮಕ್ಕಳನ್ನು ಲಾರಿಯ ಮೇಲೆ ಮಲಗಿಸಿ ತಾರ್ಪಾಲು ಇಳಿಬಿಟ್ಟರು. ಆಗ ಅವ್ವ ಮಗನನ್ನು ಕರೆದರು:

‘ತಮ್ಮಾ, ಕೂಸಿಗೆ ಚಳಿ ಆಗ್ಲಿಕ್ಕತ್ತದ. ಆ ಶೇಗಡಿ ಒಂದೀಟು ಒಳಗ ಇಡು. ಕೆಂಡ ನಿಗಿನಿಗಿ ಅದ, ಹೊಗಿ ಎಲ್ಲಿ ಅದ?’

ಅಡಿಗೆಗೆಂದು ತಂದಿದ್ದ ಇದ್ದಲಿನ ಒಲೆ ಅದು. ಧಾರವಾಡದವರಿಗೆ ಶೇಗಡಿ, ನಮಗೆ ಅಗ್ಗಿಷ್ಟಿಕೆ, ಇಲ್ಲಿಯವರಿಗೆ ಅಂಗೀಠಿ. ಮಿತ್ರರು ಎತ್ತಿಕೊಳ್ಳಲು ಬಾಗಿದರು. ಉಸ್ತಾದ್‌ಜಿಗೆ ಕನ್ನಡ ಬಾರದು. ಕೈಸನ್ನೆಯಿಂದಲೇ ಅರ್ಥಮಾಡಿಕೊಂಡು ಎದ್ದುಬಂದು ಒಲೆಯ ಮುಂದೆ ನಿಂತುಬಿಟ್ಟರು. ‘ಮಾಜಿ, ಅದು ಲಾರಿ ಹತ್ತಬಾರದು’ ಎಂದರು.

ಆಮೇಲೆ ಅವರು ಹೇಳಿದ್ದು ಇಷ್ಟು. ಹಲವು ವರ್ಷಗಳ ಹಿಂದೆ ಅವರ ಗಾಡಿಯಲ್ಲಿ ಹತ್ತೊಂಬತ್ತು ವರ್ಷದ ಕ್ಲೀನರ್ ಹುಡುಗನೊಬ್ಬನಿದ್ದ. ಜನವರಿಯ ಒಂದು ರಾತ್ರಿ ಬಿಕಾನೇರಿನ ದಾರಿಯಲ್ಲಿ ಲಾರಿ ನಿಲ್ಲಿಸಿದರು. ಇವರು ಢಾಬಾದ ಮಂಚದ ಮೇಲೆ ಮಲಗಿದರು. ಹುಡುಗ ಕ್ಯಾಬಿನ್ನಿನ ಗಾಜು ಏರಿಸಿ, ಕಬ್ಬಿಣದ ಬಾಣಲೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದ. ಬೆಳಿಗ್ಗೆ ಚಹ ಹಿಡಿದು ಬಾಗಿಲು ತಟ್ಟಿದರೆ ಏಳಲಿಲ್ಲ. ‘ಮುಖದಲ್ಲಿ ನೋವೇ ಇರಲಿಲ್ಲ ಬಾಬೂಜಿ, ನಿದ್ದೆಯಂತೆಯೇ ಇತ್ತು. ಅವನ ತಾಯಿಗೆ ಏನು ಹೇಳಲಿ?’ ಎಂದು ಸುಮ್ಮನಾದರು.

ನಾನು ಅದನ್ನು ಕನ್ನಡದಲ್ಲಿ ಅವ್ವನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ‘ಹಂಗಾದ್ರ ಅದು ಹೊರಗ ಇರ್ಲಿ’ ಎಂದು ತಾವು ಹೊದ್ದಿದ್ದ ಕಂಬಳಿಯನ್ನು ಬಿಚ್ಚಿ ಮೊಮ್ಮಗಳನ್ನು ಅದರೊಳಗೆ ಎಳೆದುಕೊಂಡರು.

ಇದು ಮರುಭೂಮಿಯ ಮಾತು ಮಾತ್ರವಲ್ಲ. ದೆಹಲಿಯ ಪತ್ರಿಕೆಗಳಲ್ಲಿ ಪ್ರತಿ ಚಳಿಗಾಲವೂ ಇಂಥ ಸುದ್ದಿ ಓದುತ್ತೇವೆ. ಇದ್ದಲಿಗೆ ಸಾಕಷ್ಟು ಗಾಳಿ ಸಿಕ್ಕದೆ ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಕೆಂಪು ಕಣಗಳಲ್ಲಿ ಆಮ್ಲಜನಕವನ್ನು ಹೊರುವ ವಸ್ತು ಈ ಅನಿಲಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಡುತ್ತಲೇ ಇದ್ದರೂ ಮೈಗೆ ಪ್ರಾಣವಾಯು ಸಿಗದೆ ಹೋಗುತ್ತದೆ. ಮೊದಲು ತಲೆನೋವು, ಹೊಟ್ಟೆ ತೊಳಸು, ಮಂಪರು. ಮಲಗಿದವನಿಗೆ ಅದೂ ತಿಳಿಯದು. ಹೊಗೆಯಾಡುವ ಒಲೆಯಾದರೆ ಕೆಮ್ಮು ಬಂದು ಎಚ್ಚರಿಸುತ್ತದೆ; ನಿಗಿನಿಗಿ ಕೆಂಡಕ್ಕೆ ಹೊಗೆಯಿಲ್ಲವೆಂಬುದೇ ಮೋಸ. ಬೆಚ್ಚಗಿರಲೆಂದು ನಿಂತ ಗಾಡಿಯ ಎಂಜಿನ್ ಓಡಿಸಿಕೊಂಡು ಒಳಗೆ ಮಲಗುವುದೂ ಇಷ್ಟೇ ಅಪಾಯ. ಯಾರಿಗಾದರೂ ಹೀಗಾದರೆ ತಡಮಾಡದೆ ತೆರೆದ ಗಾಳಿಗೆ ತಂದು ಆಸ್ಪತ್ರೆಗೆ ಒಯ್ಯಬೇಕು; ಆಮ್ಲಜನಕ ಕೊಡುವುದೇ ಚಿಕಿತ್ಸೆ.

ಬೆಂಕಿಯಿಲ್ಲದೆ ಬೆಚ್ಚಗೆ

ಹಾಗಾದರೆ ಚಳಿಗೆ ಏನು ಉಪಾಯ? ಉಸ್ತಾದ್‌ಜಿ ಕಲಿಸಿದ್ದನ್ನೂ ನಾವು ಅನುಭವದಿಂದ ಕಂಡದ್ದನ್ನೂ ಹೇಳುತ್ತೇನೆ. ಮೊದಲನೆಯದು, ಚಳಿ ಕೆಳಗಿನಿಂದ ಬರುತ್ತದೆ. ಲಾರಿಯ ತಗಡಿನ ನೆಲ ಮೈಯ ಶಾಖವನ್ನು ಎಳೆದುಬಿಡುತ್ತದೆ. ಎಷ್ಟೇ ದಪ್ಪ ರಜಾಯಿಯಾದರೂ ಮೈಯ ಭಾರಕ್ಕೆ ಅದುಮಿಹೋದ ಭಾಗ ಕೆಲಸಕ್ಕೆ ಬಾರದು. ನಾವು ಗೋಣಿತಾಟು, ಅದರ ಮೇಲೆ ಒಂದು ಗೇಣು ಒಣಹುಲ್ಲು, ಅದರ ಮೇಲೆ ಜಮಖಾನ ಹಾಸಿದೆವು. ಮೇಲೆ ಒಂದಿದ್ದರೆ ಕೆಳಗೆ ಎರಡಿರಲಿ ಎಂಬುದು ಸೂತ್ರ.

ಎರಡನೆಯದು, ಉಣ್ಣೆ. ಚಳ್ಳಕೆರೆಯ ಕರಿ ಕಂಬಳಿಯೊಂದು ನಮ್ಮ ಪೆಟ್ಟಿಗೆಯ ತಳದಲ್ಲಿ ವರ್ಷಗಳಿಂದ ಬಿದ್ದಿತ್ತು. ದೆಹಲಿಯಲ್ಲಿ ಅದನ್ನು ಹೊದೆಯಲು ನಮಗೆ ನಾಚಿಕೆ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಯೂ ಒದ್ದೆ ಎನ್ನಿಸುವುದಿಲ್ಲ. ಆ ರಾತ್ರಿ ಚುಚ್ಚುವ ಆ ಕಂಬಳಿಗಾಗಿ ಮನೆಮಂದಿಯಲ್ಲಿ ಜಗಳವೇ ಆಯಿತು. ಮೂರನೆಯದು, ಮಲಗುವಾಗ ಹಗಲಿನ ಬೆವರಿನ ಬಟ್ಟೆ ಬದಲಿಸಿ ಒಣಬಟ್ಟೆ, ಒಣ ಕಾಲುಚೀಲ, ಕಿವಿ ಮುಚ್ಚುವ ಟೋಪಿ. ನಾಲ್ಕನೆಯದು, ಹೊರಗಿನ ಬೆಂಕಿಯಲ್ಲಿ ನೀರು ಕಾಯಿಸಿ ರಬ್ಬರು ಚೀಲಕ್ಕೆ ತುಂಬಿ, ಬಟ್ಟೆ ಸುತ್ತಿ ಮಕ್ಕಳ ಕಾಲಬಳಿ ಇಡುವುದು. ಬೆಂಕಿಯ ಶಾಖ ಒಳಗೆ ಬರಲಿ, ಬೆಂಕಿ ಬರಬಾರದು. ಐದನೆಯದು, ತಾರ್ಪಾಲಿನ ಹಿಂದುಗಡೆ ಎರಡು ಗೇಣು ತೆರೆದಿರಲಿ. ಪೂರಾ ಮುಚ್ಚಿದರೆ ಉಸಿರಿನ ಆವಿ ತಾರ್ಪಾಲಿಗೆ ತಾಗಿ ಹನಿಯಾಗಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಬೆಳಿಗ್ಗೆ ಬೂಟನ್ನು ಕೊಡವಿ ಹಾಕಿಕೊಳ್ಳಿ. ಚೇಳಿಗೂ ಬೆಚ್ಚನೆಯ ಜಾಗ ಇಷ್ಟ.

ಬೆಳಗಿನ ಜಾವ ಉಷ್ಣಮಾಪಕ 2 ಡಿಗ್ರಿ ತೋರಿಸುತ್ತಿತ್ತು. ಮಕ್ಕಳು ನಿದ್ದೆ ತಿಳಿದೆದ್ದು, ‘ಇವತ್ತೂ ಇಲ್ಲೇ ಮಲಗೋಣ’ ಎಂದರು. ಆ ಎರಡು ರಾತ್ರಿಗಳಲ್ಲಿ ನಾವು ಕಂಡ ನಕ್ಷತ್ರಗಳನ್ನು ದೆಹಲಿಯ ಆಕಾಶದಲ್ಲಿ ಹತ್ತು ವರ್ಷದಲ್ಲಿಯೂ ಕಂಡಿರಲಿಲ್ಲ. ಹೋಗುವವರು ಡಿಸೆಂಬರ್ ಜನವರಿಗಳಲ್ಲಿ ಹೋಗಿ. ಎರಡು ಗಾಡಿ, ಸ್ಥಳದ ಚಾಲಕರು, ಒಂದು ದಿನದ ಹೆಚ್ಚಿನ ನೀರು, ಸಲಿಕೆ, ಸೌದೆ ಜೊತೆಗಿರಲಿ. ಎಷ್ಟೋ ಕಡೆ ಫೋನು ಸಿಗದು. ಎಲ್ಲಿಗೆ ಹೋಗುತ್ತೀರಿ, ಎಂದು ಹಿಂದಿರುಗುತ್ತೀರಿ ಎಂದು ಪಟ್ಟಣದಲ್ಲಿ ಒಬ್ಬರಿಗಾದರೂ ತಿಳಿಸಿ ಹೊರಡಿ. ಮಳೆಯ ಸೂಚನೆಯಿದ್ದರೆ ಹೊರಡಬೇಡಿ. ಚಳಿಗಾಲದಲ್ಲೂ ಅಲ್ಲಿ ‘ಮಾವಠ್’ ಎಂಬ ಮಳೆ ಬರುವುದುಂಟು, ಜೇಡಿಯ ತಗ್ಗಿನಲ್ಲಿ ಸಿಕ್ಕಿಬಿದ್ದ ಲಾರಿಯನ್ನು ಒಂಟೆಯೂ ಎಳೆಯಲಾರದು.

ಹೋಗಲಾಗದವರಿಗೂ ಒಂದು ಮಾತು. ಈ ಚಳಿಗಾಲ ನಮ್ಮ ಬಾಡಿಗೆ ಕೋಣೆಗಳಲ್ಲಿ, ರಾತ್ರಿ ಕಾವಲಿನವನ ಗೂಡಿನಲ್ಲಿ, ಮನೆಗೆಲಸದವರ ಗುಡಿಸಲಿನಲ್ಲಿ ಕೆಂಡ ಒಳಗಿಟ್ಟುಕೊಂಡು ಬಾಗಿಲು ಹಾಕುವವರು ಕಣ್ಣಿಗೆ ಬಿದ್ದರೆ ದಯಮಾಡಿ ಸುಮ್ಮನೆ ಹೋಗಬೇಡಿ. ಇದನ್ನು ತಿಳಿಸಿ, ತಿಳಿಸುವಾಗ ಮನೆಯಲ್ಲಿ ಹೆಚ್ಚಿಗೆ ಬಿದ್ದಿರುವ ಕಂಬಳಿಯೊಂದನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.